ಅಧಿಕೃತ ದ್ವಾರಭಂಜಕ

ನಗರದ ಅಗ್ನಿಶಾಮಕ ಠಾಣೆಗೆ ನೂರು ವರ್ಷ ತುಂಬಿದ್ದು ಮಾರ್ಚ್ ತಿಂಗಳಲ್ಲಿ. ಈ ಸಂಗತಿ ನಗರಸಭೆಯ ಗಮನಕ್ಕೆ ಬಂದದ್ದು ಸೆಪ್ಟೆಂಬರಿನಲ್ಲಾದ ಕಾರಣ, ಶತಮಾನೋತ್ಸವವನ್ನು ಪೂರ್ವಾನ್ವಯವಾಗುವಂತೆ ಆಚರಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಅದರ ಅಂಗವಾಗಿ ನಗರದಲ್ಲಿ ಬೆಂಕಿ ಆರಿಸಿದ ಚರಿತ್ರೆಯನ್ನೂ, ಪ್ರಾಣಹಾನಿಯಾದ ಅಗ್ನಿ ಅವಘಡಗಳಿಂದ ನಗರವು ಕಲಿತ ಪಾಠಗಳನ್ನೂ ಒಂದು ಗ್ರಂಥವಾಗಿ ಹೊರತರಲು 'ಇತಿಹಾಸ ಮತ್ತು ಪಾಠ ಸಮಿತಿ' ರಚನೆಯಾಯಿತು.

ಸಮಿತಿಯ ಅಧ್ಯಕ್ಷರು ನಗರಸಭೆಯ ಹಿರಿಯ ಸದಸ್ಯರು. ಅವರ ಭಾಮೈದ ಕಬ್ಬಿಣದ ಬಾಗಿಲು, ಗ್ರಿಲ್ಲು, ಷಟರ್ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದ ಎಂಬುದಕ್ಕೂ ಈ ನೇಮಕಕ್ಕೂ ಯಾವುದೇ ಸಂಬಂಧವಿರಲಿಲ್ಲ. ಸಂಬಂಧವಿಲ್ಲವೆಂದು ಅಧ್ಯಕ್ಷರೇ ಲಿಖಿತವಾಗಿ ದೃಢೀಕರಿಸಿದ್ದರು. ಕಾರ್ಯದರ್ಶಿಯಾದವರು ಕಚೇರಿಯ ಅಧೀಕ್ಷಕರು. ಮೂರನೆಯವನು, 'ಅನುಭವಿ ಸದಸ್ಯ' ಎಂಬ ಹಣೆಪಟ್ಟಿಯೊಂದಿಗೆ, ಏಣಿಯಣ್ಣ.

ಏಣಿಯಣ್ಣ ಮೂವತ್ತೊಂದು ವರ್ಷ ಬೆಂಕಿ ಆರಿಸುವ ವಾಹನದ ಏಣಿಯ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಬಲಗೈಯ ಎರಡು ಬೆರಳು ಸುಟ್ಟು ಅಂಟಿಕೊಂಡಿದ್ದವು; ಆ ಕೈಯಲ್ಲಿ ಅವನು ಲೋಟ ಹಿಡಿಯುತ್ತಿದ್ದ ರೀತಿ ನೋಡಿದರೆ ಲೋಟವೇ ಅವನನ್ನು ಹಿಡಿದುಕೊಂಡ ಹಾಗಿರುತ್ತಿತ್ತು. ಸಮಿತಿಯ ಕೊಠಡಿ ನಗರಸಭೆ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಅದರ ಪಕ್ಕದಲ್ಲೇ ಜನನ-ಮರಣ ನೋಂದಣಿ ವಿಭಾಗ. ಅಲ್ಲಿ ಏಣಿಯಣ್ಣನ ಒಬ್ಬಳೇ ಮಗಳು ಗುಮಾಸ್ತೆ. ಮಧ್ಯಾಹ್ನ ಮಗಳ ಜೊತೆ ಕೂತು ಊಟ ಮಾಡಬಹುದು ಎಂಬ ಒಂದೇ ಆಸೆಗೆ ಅವನು ಸದಸ್ಯತ್ವ ಒಪ್ಪಿಕೊಂಡ. ಇತಿಹಾಸ ಅವನಿಗೆ ಮೊದಲೇ ಗೊತ್ತಿತ್ತು.

ಗ್ರಂಥದ ಮೊದಲ ಅಧ್ಯಾಯಕ್ಕೆ ಏನೂ ತೊಂದರೆಯಾಗಲಿಲ್ಲ. ಹಳೆಯ ಕಡತಗಳ ಪ್ರಕಾರ ನಗರಕ್ಕೆ ಮೊದಲು ಬಂದದ್ದು ಕೈಯಲ್ಲಿ ಒತ್ತುವ ಒಂದು ಪಂಪು. ಅದನ್ನು ಯಾರೂ ಕದಿಯಬಾರದೆಂದು ಕಲ್ಲಿನ ಕೋಣೆ ಕಟ್ಟಿ, ಬೀಗ ಜಡಿದು, ಕೀಲಿಯನ್ನು ಆಗಿನ ನಗರಸಭಾಪತಿಗಳ ಮನೆಯಲ್ಲಿ ಇಡಲಾಯಿತು. ಮೂರು ವರ್ಷದ ತರುವಾಯ ಊರಲ್ಲಿ ಮೊದಲು ಬೆಂಕಿ ಬಿದ್ದದ್ದು ಸಭಾಪತಿಗಳ ಮನೆಗೇ. ಕೀಲಿ ಒಳಗಿತ್ತು. ತನಿಖೆಯ ನಂತರ ನಗರವು ತನ್ನ ಮೊದಲ ಪಾಠ ಕಲಿತು, ಎರಡು ಕೀಲಿ ಮಾಡಿಸಿತು. ಎರಡನೆಯದನ್ನು ಯಾರ ಕೈಗೂ ಸಿಗದಂತೆ ಪಂಪಿನ ಕೋಣೆಯೊಳಗೇ ಭದ್ರವಾಗಿಡಲಾಯಿತು.

ಸಿನಿಮಾ ಮಂದಿರದ ಬೆಂಕಿಯ ಅಧ್ಯಾಯವೂ ಸುಸೂತ್ರವಾಗಿ ಮುಗಿಯಿತು. ಟಿಕೆಟ್ ಇಲ್ಲದವರು ನುಗ್ಗದಿರಲೆಂದು ಅಲ್ಲಿನ ಬಾಗಿಲುಗಳಿಗೆ ಹೊರಗಿನಿಂದ ಚಿಲಕ ಹಾಕುವ ಪದ್ಧತಿಯಿತ್ತು. ಸತ್ತವರು ಹತ್ತೊಂಬತ್ತು ಜನ. ಘಟನೆಯ ಹೊತ್ತಿಗೆ ಬಾಗಿಲ ಬಳಿ ಒಬ್ಬ ಕಡಲೆಕಾಯಿ ಮಾರುವವನು ಇದ್ದನೆಂದು ತನಿಖೆಯಲ್ಲಿ ರುಜುವಾತಾಗಿ, ಸಿನಿಮಾ ಮಂದಿರಗಳಲ್ಲಿ ಕಡಲೆಕಾಯಿ ನಿಷೇಧಿಸಲಾಯಿತು. ಆ ನಿಷೇಧ ಇಂದಿಗೂ ಜಾರಿಯಲ್ಲಿದೆ.

ತೊಂದರೆ ಶುರುವಾದದ್ದು ಬಟ್ಟೆ ಬೀದಿಯ ಅಧ್ಯಾಯದಲ್ಲಿ.

ಬಟ್ಟೆ ಬೀದಿಯ ಮೂರನೇ ಮಹಡಿಯಲ್ಲಿ ಸಿದ್ಧ ಉಡುಪು ಹೊಲಿಯುವ ಕಾರ್ಖಾನೆ ಇತ್ತು. ಹೊಲಿಯುವ ಹೆಂಗಸರು ತುಂಡುಬಟ್ಟೆ ಕದ್ದೊಯ್ಯಬಾರದೆಂದು ಮೇಲ್ವಿಚಾರಕ ಬೀಗ ಹಾಕಿ, ಕೀಲಿ ಜೇಬಿಗೆ ಇಳಿಸಿ, ಚಹಾ ಕುಡಿಯಲು ಕೆಳಗೆ ಹೋಗಿದ್ದ. ಬೆಂಕಿ ವಾಹನ ಬಂದಾಗ ಅವನು ಕೀಲಿ ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದ. ಮೆಟ್ಟಿಲ ತುಂಬ ಹೊಗೆ. ವಾಹನದ ಏಣಿ, ನಗರದಲ್ಲಿ ಎರಡು ಮಹಡಿಗಿಂತ ಎತ್ತರದ ಕಟ್ಟಡವೇ ಇಲ್ಲದ ಕಾಲದಲ್ಲಿ ಕೊಂಡದ್ದು. ಅದರ ತುದಿಯ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದವನು ಏಣಿಯಣ್ಣ. ಕಿಟಕಿ ಅವನ ಬೆರಳಿನಿಂದ ಒಂದು ಮೊಳ ಮೇಲಿತ್ತು. ಆರು ಜನ ಅವನ ಕೈಗೆ ಧುಮುಕಿದರು. ಇಪ್ಪತ್ತೇಳು ಜನ ಬಾಗಿಲ ಕಡೆಗೆ ಹೋದರು. ಬಾಗಿಲು ಬಡಿಯುವ ಸದ್ದು ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನು ಏಣಿಯಣ್ಣ ಯಾವ ವಿಚಾರಣೆಯಲ್ಲೂ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಕೆಂಪು ಬಕೆಟ್ಟುಗಳ ಮೇಲೆ 'ಬೆಂಕಿ' ಎಂದು ಬರೆಸಿರಲಿಲ್ಲ ಎಂಬ ಲೋಪ ಪತ್ತೆಯಾದ್ದರಿಂದ, ಬರೆಸುವುದು ಕಡ್ಡಾಯವಾಯಿತು.

"ಈ ಅಧ್ಯಾಯದ ಪಾಠ ನೀವೇ ಹೇಳಬೇಕು ಏಣಿಯಣ್ಣ. ಕಣ್ಣಾರೆ ಕಂಡವರು ನೀವು," ಎಂದರು ಅಧ್ಯಕ್ಷರು.

"ಬರ್ಕೊಳ್ಳಿ ಸಾರ್. ಬಾಗಿಲು ತೆರೆದಿಡಿ."

ಅಧೀಕ್ಷಕರು ಬರೆದುಕೊಂಡು ಪೆನ್ನು ಎತ್ತಿ ಕಾದರು. "ಮುಂದೆ?"

"ಮುಂದೇನೂ ಇಲ್ಲ ಸಾರ್. ಅಷ್ಟೇ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆರುನೂರು ಪುಟದ ಗ್ರಂಥಕ್ಕೆ ಎರಡು ಪದದ ಪಾಠ! ಅಧೀಕ್ಷಕರು ಬಹಳ ಸೌಜನ್ಯದ ಮನುಷ್ಯ. ಮೆಲ್ಲಗೆ ವಿವರಿಸಿದರು: "ನೋಡಿ, 'ತೆರೆದಿಡಿ' ಅಂದ್ರೆ ಆದೇಶ ಆಗುತ್ತೆ. ಸಮಿತಿಗೆ ಆದೇಶ ಮಾಡೋ ಅಧಿಕಾರ ಇಲ್ಲ. 'ತೆರೆದಿಡಬಹುದು' ಅಂತ ಹಾಕೋಣ."

"ಇಡಬಹುದು ಅಂದ್ರೆ ಯಾರು ಇಡ್ತಾರೆ ಸಾರ್?"

"ಇಡಲೇಬೇಕು ಅಂತ ನಾವು ಹೇಳ್ತಿಲ್ವಲ್ಲ," ಎಂದು ಅಧ್ಯಕ್ಷರು ಸಮಾಧಾನ ಮಾಡಿದರು. "ಇಟ್ಟರೆ ನಮ್ಮ ಅಭ್ಯಂತರ ಇಲ್ಲ, ಅಷ್ಟೇ."

ಎರಡನೇ ಕರಡಿನಲ್ಲಿ ಆ ವಾಕ್ಯ "ಅಗತ್ಯವೆನಿಸಿದಲ್ಲಿ, ಸಂಬಂಧಪಟ್ಟ ಪ್ರಾಧಿಕಾರದ ಪೂರ್ವಾನುಮತಿ ಪಡೆದು, ಬಾಗಿಲುಗಳನ್ನು ತೆರೆದಿಡುವ ಸಾಧ್ಯತೆಯನ್ನು ಪರಿಶೀಲಿಸಬಹುದು" ಎಂದಾಯಿತು. ಬಾಗಿಲು ಎಂಬುದು ಕಟ್ಟಡ ಶಾಖೆಯ ವಿಷಯ, ಬೆಂಕಿಯ ವಿಷಯವಲ್ಲ ಎಂಬ ಆಕ್ಷೇಪಣೆ ಬಂದದ್ದರಿಂದ ಮೂರನೇ ಕರಡಿನಲ್ಲಿ ಅದು ಅನುಬಂಧಕ್ಕೆ ಸರಿಯಿತು. ಅಂತಿಮ ಪ್ರತಿಯಲ್ಲಿ ಅನುಬಂಧದ ಅಡಿಟಿಪ್ಪಣಿಯಾಗಿ, ಭೂತಗನ್ನಡಿಗೆ ಕೆಲಸ ಕೊಡುವ ಅಕ್ಷರದಲ್ಲಿ ನೆಲೆ ನಿಂತಿತು. ಅದರ ಜಾಗದಲ್ಲಿ ಅಧ್ಯಕ್ಷರ ಭಾವಚಿತ್ರ ಬಂತು.

ಇಷ್ಟರಲ್ಲಿ ಏಣಿಯಣ್ಣನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಮಗಳ ವಿಭಾಗದ ಪಕ್ಕದಲ್ಲಿ, ಹಿಂದಿನ ಮೆಟ್ಟಿಲಿಗೆ ಹೋಗುವ ಬಾಗಿಲಿಗೆ ಅಂಗೈಯಗಲದ ಬೀಗ.

"ಸಾರ್, ನಮ್ಮ ಹಿಂಬಾಗಿಲಿಗೇ ಬೀಗ ಇದೆಯಲ್ಲ?"

"ಅದು ಭದ್ರತೆ," ಎಂದರು ಅಧೀಕ್ಷಕರು. "ಒಂಬತ್ತು ವರ್ಷದ ಹಿಂದೆ ಒಂದು ಕಡತ ಕಾಣೆಯಾಯ್ತು. ಆ ಬಾಗಿಲಿಂದಲೇ ಹೋಗಿರಬೇಕು ಅಂತ ಬೀಗ ಹಾಕಿಸಿದ್ವಿ."

"ಕಡತ ಸಿಕ್ತಾ?"

"ಸಿಕ್ತು, ಸಿಕ್ತು. ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಆದರೆ ಅಷ್ಟು ಹೊತ್ತಿಗೆ ಬೀಗ ಹಾಕಿ ಆಗಿತ್ತಲ್ಲ."

ಏಣಿಯಣ್ಣ ಅವತ್ತೇ ಅರ್ಜಿ ಬರೆದುಕೊಟ್ಟ. ನಲವತ್ತು ದಿನದ ನಂತರ ಉತ್ತರ ಬಂತು. ಅಗ್ನಿ ಅವಘಡಗಳ ಪಾಠಗಳು ಗ್ರಂಥರೂಪದಲ್ಲಿ ಇನ್ನೂ ಪ್ರಕಟವಾಗಬೇಕಿರುವುದರಿಂದ, ಪ್ರಕಟಣೆಗೆ ಮುನ್ನವೇ ಅವುಗಳನ್ನು ಪಾಲಿಸುವುದು ಅವಸರದ ಕ್ರಮವಾಗುತ್ತದೆ. ಬಿಡುಗಡೆಯ ನಂತರ ಮನವಿಯನ್ನು ಪರಿಶೀಲಿಸಲಾಗುವುದು. ಅದೇ ವಾರ ಗ್ರಂಥದ ಐದು ಸಾವಿರ ಪ್ರತಿಗಳು ಅಚ್ಚಾಗಿ ಬಂದವು. ಕಟ್ಟಡದಲ್ಲಿ ಯಾರೂ ಓಡಾಡದ ಒಣ ಜಾಗ ಹಿಂದಿನ ಮೆಟ್ಟಿಲೊಂದೇ ಆದ್ದರಿಂದ, ಕಟ್ಟುಗಳನ್ನು ಅಲ್ಲೇ ಪೇರಿಸಿದರು.

"ಅಪ್ಪ, ನೀನು ಬಿಡು. ನಾವು ಒಂಬತ್ತು ವರ್ಷದಿಂದ ಹಾಗೇ ಕೂತಿಲ್ವಾ?" ಎಂದಳು ಮಗಳು, ಊಟದ ಡಬ್ಬಿ ತೆಗೆಯುತ್ತ.

"ಕೂತಿದ್ದೀಯ ಪುಟ್ಟಿ. ಅದಕ್ಕೇ ಊಟ ಇಳೀತಿಲ್ಲ."

ಬಿಡುಗಡೆಯ ದಿನ ಗೊತ್ತಾಯಿತು. ಸಮಾರಂಭ ಬೆಳಿಗ್ಗೆ ಹನ್ನೊಂದಕ್ಕೆ, ನಾಲ್ಕನೇ ಮಹಡಿಯ ಸಭಾಂಗಣದಲ್ಲಿ. ಆಹ್ವಾನ ಪತ್ರಿಕೆಯಲ್ಲಿ ಬೆಂಕಿ ನಂದಿಸುವ ಪ್ರಾತ್ಯಕ್ಷಿಕೆ ಅಂಗಳದಲ್ಲಿ ಎಂದಿತ್ತು. ಅಂಗಳದ ತುಂಬ ಗಣ್ಯರ ಕಾರುಗಳು ನಿಂತದ್ದರಿಂದ ಅದನ್ನು ನೆಲಮಹಡಿಯಲ್ಲಿ, ಮುಖ್ಯ ಮೆಟ್ಟಿಲ ಬುಡಕ್ಕೆ ಸ್ಥಳಾಂತರಿಸಲಾಯಿತು. ದೊಡ್ಡ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಆರು ಹೊಸ ಅಗ್ನಿನಂದಕಗಳು ಸಾಲಾಗಿ ನಿಂತಿದ್ದವು. ನಂದಕ ಖರೀದಿ ಮಾಡುವುದು ಒಂದು ಶಾಖೆ, ಅದರೊಳಗೆ ಪುಡಿ ತುಂಬಿಸುವುದು ಇನ್ನೊಂದು ಶಾಖೆ. ಎರಡನೇ ಶಾಖೆಗೆ ಕಾಗದ ಹೋಗಿತ್ತು, ಉತ್ತರ ಬಂದಿರಲಿಲ್ಲ. ಆರರಿಂದಲೂ ಸುಯ್ಯೆಂದು ಗಾಳಿ ಬಂತು. ಬೆಂಕಿಗೆ ಗಾಳಿ ಹಿಡಿಸಿತು. ಅದು 'ಬೆಂಕಿ: ಇರಲಿ ಎಚ್ಚರ' ಎಂಬ ಬಟ್ಟೆಯ ಬ್ಯಾನರಿಗೆ ಏರಿ, ಅಲ್ಲಿಂದ ಗೋಡೆಯ ಮರದ ಹಲಗೆಗಳನ್ನು ಹಿಡಿದು, ಮೆಟ್ಟಿಲ ಗುಂಟ ಮೇಲಕ್ಕೆ ಹೊರಟಿತು. ನಗರದ ಏಕೈಕ ಬೆಂಕಿ ವಾಹನ ಆ ಹೊತ್ತಿನಲ್ಲಿ, ಮೈತುಂಬ ಬಣ್ಣದ ಕಾಗದ ಸುತ್ತಿಕೊಂಡು, ಊರಿನ ಆ ತುದಿಯಲ್ಲಿ ಮೆರವಣಿಗೆ ಹೊರಟಿತ್ತು.

ಮೇಲೆ ಅಧ್ಯಕ್ಷರು ಮುನ್ನುಡಿ ಓದುತ್ತಿದ್ದರು. ವೇದಿಕೆಯ ತುದಿಯಲ್ಲಿ ಕೂತ ಏಣಿಯಣ್ಣನ ಮಡಿಲಲ್ಲಿ, ಆಗಷ್ಟೇ ಕೊಟ್ಟ ನೆನಪಿನ ಕಾಣಿಕೆ: ಫಳಫಳ ಹೊಳೆಯುವ ಒಂದು ಕೊಡಲಿ. ಅವನ ಮೂಗು ಅರಳಿತು. ಎದ್ದು ನಿಂತ.

"ಸಾರ್, ಹೊಗೆ."

ಅಧೀಕ್ಷಕರು ಕಾರ್ಯಕ್ರಮ ಪಟ್ಟಿ ನೋಡಿ ಮೈಕು ಹಿಡಿದರು. "ಮಾನ್ಯರೇ, ಪ್ರಾತ್ಯಕ್ಷಿಕೆ ಪಟ್ಟಿಯಂತೆ ನಡೆಯುತ್ತಿದೆ. ಹೊಗೆ ಅದರ ಭಾಗ. ದಯಮಾಡಿ ಕುಳಿತಿರಿ."

ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಮುಗಿಯುವುದರೊಳಗೆ ಮೂರನೇ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಮುಂಬಾಗಿಲು ತೆರೆದವನು ಕಪ್ಪು ಮುಖ ಮಾಡಿಕೊಂಡು ಹಿಂದಕ್ಕೆ ಬಂದ. ಆಮೇಲೆ ಯಾರೂ ಕುಳಿತಿರಲಿಲ್ಲ.

ಏಣಿಯಣ್ಣ ಹಿಂಬಾಗಿಲಿಗೆ ಓಡಿದ. ನೋಂದಣಿ ವಿಭಾಗದಲ್ಲಿ ಪ್ರಮಾಣಪತ್ರಕ್ಕೆ ಬಂದ ಜನ, ಎಳೆಗೂಸು ಎತ್ತಿಕೊಂಡ ತಾಯಂದಿರು, ಮಗಳು, ಎಲ್ಲ ಆಗಲೇ ಅಲ್ಲಿ ಸೇರಿದ್ದರು. ಯಾರೋ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದರು. ಬಟ್ಟೆ ಬೀದಿಯಲ್ಲಿ ಏಣಿಯಣ್ಣ ಕೇಳಿದ್ದು ಇದೇ ಸದ್ದು. ಈ ಸಲ ಅವನು ಬಾಗಿಲ ಒಳಗಿದ್ದ.

"ಕೀಲಿ ಎಲ್ಲಿ ಸಾರ್?" ಎಂದ, ಹಿಂದೆಯೇ ಓಡಿಬಂದ ಅಧೀಕ್ಷಕರಿಗೆ.

"ಸ್ಟೋರ್ ಗುಮಾಸ್ತರ ಹತ್ರ."

"ಅವರೆಲ್ಲಿ?"

"ಮೆರವಣಿಗೇಲಿ," ಎಂದರು ಅಧೀಕ್ಷಕರು ಕರವಸ್ತ್ರದೊಳಗಿಂದ. "ವಾಹನದ ಮೇಲೆ ನಿಂತು ಕೈ ಬೀಸೋ ಡ್ಯೂಟಿ ಹಾಕಿದ್ದೀವಿ."

"ಹಾಗಾದ್ರೆ ಒಡೀತೀನಿ."

"ಏಣಿಯಣ್ಣ! ಸಾರ್ವಜನಿಕ ಆಸ್ತಿ ಅದು. ಲಿಖಿತ ಮನವಿ ಇಲ್ಲದೆ ನಾನು ಹೇಗೆ ಹ್ಞೂಂ ಅನ್ನಲಿ?"

ಮಗಳು ಜನನ ನೋಂದಣಿಯ ಫಾರಂ ಒಂದನ್ನು ಸೆಳೆದು, ಅದರ ಬೆನ್ನಿಗೆ 'ಬಾಗಿಲು ಒಡೆಯಲು ಅನುಮತಿ ಕೋರಿ' ಎಂದು ಗೀಚಿ ಚಾಚಿದಳು. ಅಧೀಕ್ಷಕರು ಕೆಮ್ಮುತ್ತಲೇ ಓದಿದರು, ಒಂದು ಕಾಗುಣಿತ ತಿದ್ದಿದರು, ಸಹಿ ಹಾಕಲು ಹೋಗಿ ತಡೆದರು. ಮೊಹರು ನೆಲಮಹಡಿಯಲ್ಲಿತ್ತು.

ಏಣಿಯಣ್ಣ ಅಷ್ಟರಲ್ಲಿ ನೆನಪಿನ ಕೊಡಲಿ ಬೀಸಿದ್ದ. ತಗಡಿನ ಕೊಡಲಿ ಮಡಚಿಕೊಂಡು ಚಮಚದ ಹಾಗಾಯಿತು. ಅದನ್ನು ಬಿಸಾಡಿ, ಜನ ಕಾದು ಕೂರುವ ಉದ್ದ ಬೆಂಚಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಮಗಳೂ ಇಬ್ಬರು ಅಪ್ಪಂದಿರೂ ಹಿಡಿದರು. ಮೂರನೇ ಏಟಿಗೆ ಚಿಲಕ ಕಿತ್ತು ಬಂತು. ಮೆಟ್ಟಿಲ ತುಂಬ ನಗರದ ಅಗ್ನಿಶಾಮಕ ಇತಿಹಾಸ. ಜನ ಆ ಕಟ್ಟುಗಳ ಮೇಲೆ ಕೂತು ಜಾರುತ್ತ, ತೆವಳುತ್ತ, ಕೂಸುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಇಳಿದರು. ಗಂಡನ ಮರಣ ಪತ್ರಕ್ಕೆ ಬಂದಿದ್ದ ಅಜ್ಜಿಯೊಬ್ಬಳು ಮಾತ್ರ ಹೆದರಿ ನಿಂತಿದ್ದಳು. ಮಗಳು ಅವಳನ್ನು ಬಿಟ್ಟು ಇಳಿಯಲೊಲ್ಲಳು.

"ಪುಟ್ಟಿ, ಇಳಿ!"

"ಅಜ್ಜಿ ಮೊದಲು, ಅಪ್ಪ."

"ನಡೀರಿ ನಡೀರಿ," ಎಂದಳು ಅಜ್ಜಿ ಕೊನೆಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. "ಒಂದೇ ಮನೆಗೆ ಎರಡು ಪತ್ರ ಕೊಡೋಕೆ ಇವರು ಇನ್ನೆಷ್ಟು ದಿನ ಓಡಾಡಿಸ್ತಾರೋ."

ಎಂಬತ್ತಮೂರು ಜನ ಕೆಳಗಿಳಿದರು. ಏಣಿಯಣ್ಣ ಎರಡು ಸಲ ಎಣಿಸಿದ. ಎದುರುಗಡೆ ಹೋಟೆಲಿನವರು ಕೊಡಪಾನ, ಬಕೆಟ್ಟು, ಪಾತ್ರೆ ಹಿಡಿದು ಬಂದು ಬೆಂಕಿ ಆರಿಸಿದರು. ಅವರ ಬಕೆಟ್ಟುಗಳ ಮೇಲೆ ಏನೂ ಬರೆದಿರಲಿಲ್ಲ. ಈ ಬಗ್ಗೆ ಅವರಿಗೆ ನೋಟಿಸು ಹೋಯಿತು. ಒಂದು ಗಂಟೆಯ ನಂತರ ಬೆಂಕಿ ವಾಹನವೂ ಬಂತು. ಸ್ಟೋರ್ ಗುಮಾಸ್ತರು ಇನ್ನೂ ಕೈ ಬೀಸುತ್ತಿದ್ದರು.

ಅವತ್ತು ಮನೆಗೆ ಹೋದ ಮೇಲೆ ಏಣಿಯಣ್ಣ ಮಗಳ ತಲೆಗೂದಲಿನ ಹೊಗೆವಾಸನೆ ಹೋಗುವವರೆಗೂ ನೀರು ಕಾಯಿಸಿ ಕಾಯಿಸಿ ಕೊಟ್ಟ. ಹದಿನೈದು ದಿನದ ನಂತರ ವಿಚಾರಣೆಗೆ ಕರೆ ಬಂತು.

ವಿಚಾರಣೆ ನಡೆಸಿದ್ದು ಅದೇ ಸಮಿತಿ. ಏಣಿಯಣ್ಣ ತಾತ್ಕಾಲಿಕವಾಗಿ ಸದಸ್ಯತ್ವದಿಂದ ಬಿಡುಗಡೆ ಹೊಂದಿ, ಮೇಜಿನ ಈಚೆ ಬಂದು ಆರೋಪಿಯಾಗಿ ಕುಳಿತ.

"ಎಂಬತ್ತಮೂರು ಜನ ಬದುಕಿದರು, ನಮಗೆಲ್ಲ ಸಂತೋಷವೇ," ಎಂದರು ಅಧ್ಯಕ್ಷರು. "ನಾನೂ ಒಬ್ಬ. ಆದರೆ ತಾಂತ್ರಿಕವಾಗಿ ಒಂದು ತೊಡಕಿದೆ."

ಅಧೀಕ್ಷಕರು ವಿವರಿಸಿದರು. "ಸಮಿತಿ ಪಾಠ ಕಲೀಬೇಕಾದ್ದು ಪ್ರಾಣಹಾನಿಯಾದ ಅವಘಡಗಳಿಂದ. ಇದರಲ್ಲಿ ಯಾರೂ ಸತ್ತಿಲ್ಲ. ಹಾಗಾಗಿ ಇದರಿಂದ ಪಾಠ ಬರಲ್ಲ."

"ಒಬ್ಬರಾದ್ರೂ ಸಾಯಬೇಕಿತ್ತಾ ಸಾರ್?"

"ಹಾಗಲ್ಲ ಏಣಿಯಣ್ಣ. ನಿಯಮ ಹೇಳಿದೆ, ಅಷ್ಟೇ. ಪಾಠ ಇಲ್ಲ ಅಂದ್ಮೇಲೆ ಉಳಿಯೋದು ಒಡೆದ ಬಾಗಿಲೊಂದೇ. ಅದೂ ಮನವಿ ಪರಿಶೀಲನೆಯಲ್ಲಿ ಇರುವಾಗಲೇ ಒಡೆದದ್ದು." ಅವರು ಫಾರಂ ಎತ್ತಿ ತೋರಿಸಿದರು. ಕಾಗುಣಿತ ತಿದ್ದಿದ ಗುರುತು ಕೆಂಪಾಗಿ ಕಾಣುತ್ತಿತ್ತು.

ಏಣಿಯಣ್ಣ ತನ್ನ ಅಂಟಿದ ಬೆರಳುಗಳನ್ನೇ ನೋಡುತ್ತ ಕೂತಿದ್ದ. ತಲೆ ಎತ್ತಿ ಕೇಳಿದ: "ಆ ಬಾಗಿಲು ಈಗ ತೆರೆದೇ ಇದೆಯಾ ಸಾರ್?"

"ಛೆ ಛೆ, ಎಲ್ಲಾದರೂ ಉಂಟೇ? ನಾಳೆ ಕಬ್ಬಿಣದ್ದು ಬರುತ್ತೆ."

ಅದು ಅಧ್ಯಕ್ಷರ ಭಾಮೈದನ ಕಾರ್ಖಾನೆಯಿಂದ ಬಂತು. ಇದಕ್ಕೂ ನೆಂಟಸ್ತಿಕೆಗೂ ಸಂಬಂಧವಿಲ್ಲವೆಂಬ ಹಳೆಯ ದೃಢೀಕರಣವೇ ಸಾಕೆಂದು ತೀರ್ಮಾನವಾಯಿತು. ಆದರೆ ಜನ ಗೊಣಗಿದರು. ಆ ಅಜ್ಜಿ ಎರಡು ದಿನ ಬಾಗಿಲ ಮುಂದೆ ಕೂತು ಬೈದಳು. ಸಾರ್ವಜನಿಕ ಭಾವನೆಯನ್ನು ಗೌರವಿಸಿ ನಗರಸಭೆ ಈ ಕೆಳಕಂಡಂತೆ ಪ್ರಕಟಿಸಿತು:

"ನಾಲ್ಕನೇ ಮಹಡಿಯ ಹಿಂಬಾಗಿಲು ಎಂದಿನಂತೆ ಬೀಗದಲ್ಲಿರತಕ್ಕದ್ದು. ಬೆಂಕಿಯ ಸಂದರ್ಭದಲ್ಲಿ ಸದರಿ ಬಾಗಿಲನ್ನು ಒಡೆಯಲು ಒಬ್ಬ ಅಧಿಕೃತ ದ್ವಾರಭಂಜಕನನ್ನು ನೇಮಿಸತಕ್ಕದ್ದು. ಅನಧಿಕೃತ ವ್ಯಕ್ತಿಗಳು ಬಾಗಿಲು ಒಡೆದು ಪಾರಾಗುವುದನ್ನು ನಿಷೇಧಿಸಲಾಗಿದೆ."

ಹುದ್ದೆಗೆ ಬಾಗಿಲು ಒಡೆದ ಅನುಭವ ಕಡ್ಡಾಯವಾಗಿತ್ತು. ಊರಲ್ಲಿ ಅಂಥ ಅನುಭವವಿದ್ದವನು ಒಬ್ಬನೇ. ಆರೋಪಪಟ್ಟಿಯನ್ನೇ ಅನುಭವದ ಪ್ರಮಾಣಪತ್ರವೆಂದು ಪರಿಗಣಿಸಲಾಯಿತು.

"ಬೇಡ ಅಂತ ಬರೆದುಕೊಡು ಅಪ್ಪ," ಎಂದಳು ಮಗಳು. "ನಗೆಪಾಟಲು ಇದು. ಬೀಗ ತೆಗೆದರೆ ಆಯ್ತಲ್ಲ, ಒಡೆಯೋಕೆ ಆಳು ಯಾಕೆ?"

"ಅದನ್ನ ನಾನು ಹೇಳಿಯಾಯ್ತು ಪುಟ್ಟಿ. ಆರುನೂರು ಪುಟದಲ್ಲಿ ಎಲ್ಲೋ ಇದೆ."

"ಮತ್ತೆ?"

"ನಾನು ಒಲ್ಲೆ ಅಂದ್ರೂ ಬೀಗ ಇರುತ್ತೆ. ಕುರ್ಚಿ ಮಾತ್ರ ಖಾಲಿ ಇರುತ್ತೆ. ಬಾಗಿಲ ಈಚೆ ಕಡೆ ನೀನು ಕೂತಿರ್ತೀಯಲ್ಲ."

ಹೀಗೆ ಏಣಿಯಣ್ಣ ಕರ್ತವ್ಯಕ್ಕೆ ಹಾಜರಾದ. ಬಾಗಿಲ ಪಕ್ಕ ಒಂದು ಕುರ್ಚಿ, ಒಂದು ನಿಜವಾದ ಸುತ್ತಿಗೆ, ಒಂದು ರಿಜಿಸ್ಟರು. ಪ್ರತಿ ಸಂಜೆ ಅವನು 'ಈ ದಿನ ಬಾಗಿಲು ಒಡೆದಿರುವುದಿಲ್ಲ' ಎಂದು ಬರೆಯುತ್ತಿದ್ದ. ಅಧೀಕ್ಷಕರು ಸಹಿ ಮಾಡುತ್ತಿದ್ದರು. ಮೂರನೇ ತಿಂಗಳು ಪ್ರಗತಿ ಪರಿಶೀಲನೆ ನಡೆದಾಗ ದ್ವಾರಭಂಜಕ ಹುದ್ದೆಯ ಸಾಧನೆ ಶೂನ್ಯವೆಂದು ಕಂಡುಬಂತು. ಕಾರಣ ಕೇಳಿ ಜ್ಞಾಪನ ಬಂತು. ಬೆಂಕಿ ಬಿದ್ದಿಲ್ಲ ಎಂದು ಏಣಿಯಣ್ಣ ಉತ್ತರ ಕೊಟ್ಟ. ಬೆಂಕಿಯ ಅಭಾವವನ್ನು ನೆಪವಾಗಿ ಒಡ್ಡುವಂತಿಲ್ಲ ಎಂದು ಮರು ಜ್ಞಾಪನ ಬಂತು. ಕೊನೆಗೆ ಅಧ್ಯಕ್ಷರೇ ದಾರಿ ಸೂಚಿಸಿದರು: ಮೂರು ತಿಂಗಳಿಗೊಮ್ಮೆ, ಕೊನೆಯ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಬಾಗಿಲನ್ನು ಒಡೆಯತಕ್ಕದ್ದು, ಸಂಜೆ ಐದೂವರೆಗೆ ಹೊಸ ಬಾಗಿಲು ಕೂರಿಸತಕ್ಕದ್ದು. ಭಾಮೈದ ಕಾರ್ಖಾನೆಯಲ್ಲಿ ಇನ್ನೊಂದು ಷೆಡ್ಡು ಎಬ್ಬಿಸಿದ.

ಈಗ ಇದು ನಾಲ್ಕನೇ ವರ್ಷ. ಏಣಿಯಣ್ಣನಿಗೆ ಕೈ ಪಳಗಿದೆ, ಎರಡೇ ಏಟು ಸಾಕು. ಬೇರೆ ಊರುಗಳ ಅಧಿಕಾರಿಗಳು ಬಂದು ನೋಡಿ ಟಿಪ್ಪಣಿ ಮಾಡಿಕೊಂಡು ಹೋಗುತ್ತಾರೆ. ಸಿನಿಮಾ ಮಂದಿರದವರೂ ಬಟ್ಟೆ ಬೀದಿಯವರೂ ತಮಗೂ ಒಬ್ಬೊಬ್ಬ ದ್ವಾರಭಂಜಕನನ್ನು ಮಂಜೂರು ಮಾಡಬೇಕೆಂದು ಮನವಿ ಸಲ್ಲಿಸಿದ್ದಾರೆ. ಆ ಶುಕ್ರವಾರಗಳಂದು ಮೂರು ಗಂಟೆ ದಾಟಿದರೆ ನಾಲ್ಕನೇ ಮಹಡಿಯವರೆಲ್ಲ ಕೆಲಸ ಬಿಟ್ಟು ಹಿಂದಿನ ಮೆಟ್ಟಿಲಿಗೆ ಬರುತ್ತಾರೆ. ಒಳ್ಳೆ ಗಾಳಿ ಬರುತ್ತದೆ. ಚಹಾ ತರಿಸುತ್ತಾರೆ. ಅಧೀಕ್ಷಕರೂ ಪುಸ್ತಕದ ಕಟ್ಟೊಂದರ ಮೇಲೆ ಕೂತು, ಇಂಥ ವ್ಯವಸ್ಥೆ ಬೇರೆಲ್ಲೂ ಇಲ್ಲ ಬಿಡಿ ಎನ್ನುತ್ತಾರೆ. ಯಾರೂ ಅಲ್ಲವೆನ್ನುವುದಿಲ್ಲ. ಮಗಳು ಅಪ್ಪನ ಪಕ್ಕದ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂರುತ್ತಾಳೆ.

ಐದೂಕಾಲಿಗೆ ಕೆಳಗಿನಿಂದ ಬಾಗಿಲು ಹೊತ್ತವರ ಸದ್ದು ಕೇಳುತ್ತದೆ. ಅವರಿಗೆ ದಾರಿಯಾಗಲೆಂದು ಎಲ್ಲರೂ ಎದ್ದು, ಲೋಟ ಹಿಡಿದುಕೊಂಡು, ಒಳಗೆ ಹೋಗುತ್ತಾರೆ.